ಹಂಪೆ ಹಾಳಾಯಿತು, ಕಾಲುವೆ ಏಕೆ ಉಳಿಯಿತು?

ದೊಡ್ಡ ದೊಡ್ಡ ನಾಗರಿಕತೆಗಳು ಏಕೆ ಅಳಿದವು ಎಂಬ ಪ್ರಶ್ನೆಗೂ ಒಕ್ಕಲುತನದ ಪುಟಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧ ಬಹಳ ಇದೆ. ಅಳಿದ ರಾಜ್ಯಗಳ ಕಥೆಯನ್ನು ಬರೆದವರು ಹೆಚ್ಚಾಗಿ ಪಟ್ಟಣದ ಜನ. ಅರಮನೆ ಬಿದ್ದದ್ದು, ಕೋಟೆ ಒಡೆದದ್ದು, ಭಂಡಾರ ಸೂರೆಹೋದದ್ದು ಅವರ ಕಣ್ಣಿಗೆ ಬಿತ್ತು. ಅರಮನೆಗೆ ಧಾನ್ಯ ಬರುತ್ತಿದ್ದುದು ಹೊಲದಿಂದ, ಹೊಲಕ್ಕೆ ನೀರು ಬರುತ್ತಿದ್ದುದು ಕೆರೆ ಕಾಲುವೆಗಳಿಂದ ಎಂಬುದು ಅವರ ಬರಹದ ಅಂಚಿನಲ್ಲಿ ಎಲ್ಲಿಯೋ ಒಂದು ಮಾತಾಗಿ ಉಳಿಯಿತು. ಮಣ್ಣಿನಲ್ಲಿ ದುಡಿಯುವವರು ಆ ಕಥೆಯನ್ನು ಅಂಚಿನಿಂದಲೇ ಓದಬೇಕು. ಅದರಲ್ಲಿಯೂ ಕೃಷ್ಣೆ ತುಂಗಭದ್ರೆಗಳ ನಡುವಣ ಈ ನಡಿಗಡ್ಡೆಯ ಜನಕ್ಕೆ ಆ ಓದು ಬೇಡವೆಂದರೂ ತಪ್ಪದು. ಈ ಎರಡು ಹೊಳೆಗಳ ನಡುವಿನ ನೆಲಕ್ಕಾಗಿ ಬಹಮನಿಯವರೂ ವಿಜಯನಗರದವರೂ ತಲೆಮಾರುಗಟ್ಟಲೆ ಬಡಿದಾಡಿದ್ದನ್ನು ನಾವು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇವೆ.

ಇಟಿಕ್ಯಾಲದಿಂದ ಆಲಂಪುರ ದೂರವಲ್ಲ. ಬಾದಾಮಿಯ ಚಾಲುಕ್ಯರು ಏಳು ಎಂಟನೆಯ ಶತಮಾನಗಳಲ್ಲಿ ಕಟ್ಟಿಸಿದ ನವಬ್ರಹ್ಮ ದೇವಾಲಯಗಳು ಅಲ್ಲಿ ಇಂದಿಗೂ ನಿಂತಿವೆ. ಕಟ್ಟಿಸಿದ ವಂಶವಾದರೋ ಎಂಟನೆಯ ಶತಮಾನದ ನಡುವಿನಲ್ಲಿಯೇ ರಾಷ್ಟ್ರಕೂಟರಿಗೆ ಸೋತು ಮರೆಯಾಯಿತು. ಆಮೇಲೆ ಕಲ್ಯಾಣದ ಚಾಲುಕ್ಯರು ಬಂದರು, ಬಹಮನಿಗಳು ಬಂದರು, ವಿಜಯನಗರದವರು, ಬಿಜಾಪುರದವರು, ಮೊಗಲರು, ನಿಜಾಮರು, ಗದ್ವಾಲದ ಸಂಸ್ಥಾನಿಕರು. ಒಬ್ಬೊಬ್ಬರು ಹೋದಾಗಲೂ ಒಕ್ಕಲಿಗನು ಮಾರನೆಯ ಮಳೆಗೆ ಎತ್ತು ಹೂಡಿದ. ಕಂದಾಯ ವಸೂಲು ಮಾಡುವ ಕೈ ಬದಲಾಯಿತು, ಕೂರಿಗೆ ಬದಲಾಗಲಿಲ್ಲ. ಆದುದರಿಂದ ರಾಜವಂಶ ಬೀಳುವುದು ಬೇರೆ, ಜನರ ಬಾಳಿನ ಕಟ್ಟು ಸಡಿಲುವುದು ಬೇರೆ. ನಾಗರಿಕತೆ ಅಳಿಯಿತೆನ್ನಬೇಕಾದರೆ ಎರಡನೆಯದು ಆಗಿರಬೇಕು. ಈ ವ್ಯತ್ಯಾಸವನ್ನು ಕಲಿಯಲು ಹಂಪೆಗಿಂತ ಒಳ್ಳೆಯ ಸ್ಥಳವಿಲ್ಲ.

1565ರ ಜನವರಿ 23ರಂದು ಕೃಷ್ಣೆಯ ದಡದಲ್ಲಿ, ನಾವು ತಾಳಿಕೋಟೆಯ ಯುದ್ಧವೆಂದೂ ರಕ್ಕಸಗಿ ತಂಗಡಗಿಯ ಕಾಳಗವೆಂದೂ ಕರೆಯುವ ಯುದ್ಧದಲ್ಲಿ, ಅಳಿಯ ರಾಮರಾಯ ಮಡಿದ. ಪಟ್ಟಣ ತಿಂಗಳುಗಟ್ಟಲೆ ಸೂರೆಯಾಯಿತು. ಎರಡು ವರ್ಷದ ಮೇಲೆ, 1567ರಲ್ಲಿ, ಅಲ್ಲಿಗೆ ಬಂದ ಇಟಲಿಯ ವರ್ತಕ ಸೀಸರ್ ಫ್ರೆಡರಿಕ್ ಎಂಬವನು ಮನೆಗಳು ನಿಂತೇ ಇವೆ, ಒಳಗೆ ಹುಲಿ ಮೊದಲಾದ ಕಾಡುಮೃಗಗಳ ಹೊರತು ಯಾರೂ ಇಲ್ಲ ಎಂದು ಬರೆದಿಟ್ಟ. ರಾಜವಂಶ ಮಾತ್ರ ಪೆನುಗೊಂಡೆಗೆ, ಚಂದ್ರಗಿರಿಗೆ, ವೆಲ್ಲೂರಿಗೆ ಎಂದು ಸರಿಯುತ್ತ ಸರಿಯುತ್ತ ಇನ್ನೂ ಸುಮಾರು 80 ವರ್ಷ ಹೆಸರು ಉಳಿಸಿಕೊಂಡಿತು. ಪಟ್ಟಣದಿಂದ ಜನ ಹೋದರು, ಮತ್ತೆ ಬರಲಿಲ್ಲ. ಇದಕ್ಕೆ ಕಾರಣಗಳನ್ನು ಪುಸ್ತಕಗಳು ಹೇಳುತ್ತವೆ: ಸುಲ್ತಾನರು ಒಂದಾದದ್ದು, ರಾಮರಾಯನು ಅವರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಎಲ್ಲರ ಹಗೆಯನ್ನೂ ಕಟ್ಟಿಕೊಂಡದ್ದು, ಫಿರಂಗಿಗಳು. ಆ ಕಾರಣಗಳು ನಿಜ. ಅವನ್ನು ಅಲ್ಲಗಳೆಯುವ ಅಗತ್ಯ ನನಗಿಲ್ಲ.

ಆದರೆ ಹಂಪೆಗೆ ಹೋದವರು ಒಂದು ಸಂಗತಿಯನ್ನು ಗಮನಿಸಬೇಕು. ವಿಟ್ಠಲನ ಗುಡಿ, ಕಲ್ಲಿನ ರಥ ಇವನ್ನು ನೋಡಿ ಎಲ್ಲರೂ ಬರುತ್ತಾರೆ. ಕಮಲಾಪುರದ ಹಾದಿಯಲ್ಲಿ ಬಾಳೆಯ ತೋಟಗಳ ನಡುವೆ ಹರಿಯುವ ಒಂದು ಕಾಲುವೆಯನ್ನು ದಾಟುವಾಗ ಮಾತ್ರ ಯಾರೂ ನಿಲ್ಲುವುದಿಲ್ಲ. ಅದು ತುರ್ತಾ ಕಾಲುವೆ. ಅದನ್ನು ತೋಡಿದವರು ವಿಜಯನಗರದವರು. ಅರಮನೆಯ ತಳಪಾಯ ಮಾತ್ರ ಉಳಿದಿದೆ. ಅದೇ ಕಾಲದ ಕಾಲುವೆಯಲ್ಲಿ ಈ ಹೊತ್ತಿಗೂ ನೀರು ಹರಿದು ನೆಲ್ಲು ಬಾಳೆ ಬೆಳೆಯುತ್ತಿವೆ. ಇದೊಂದೇ ಅಲ್ಲ. ಹೊಸಪೇಟೆಯ ರಾಯ ಕಾಲುವೆ, ಬಸವಣ್ಣ ಕಾಲುವೆ, ಕಂಪ್ಲಿ ಸಿರುಗುಪ್ಪೆಗಳ ಕಾಲುವೆಗಳು, ಈಚೆಯ ದಡದಲ್ಲಿ ಆನೆಗೊಂದಿ ಗಂಗಾವತಿಗಳವು, ನಮ್ಮ ನೆರೆಯ ರಾಯಚೂರು ತಾಲೂಕಿನ ಬಿಚ್ಚಾಲ ಕಾಲುವೆ, ಇವೆಲ್ಲ ಅದೇ ಪೀಳಿಗೆಯವು. ರಾಯ ಬಸವಣ್ಣ ಕಾಲುವೆಗಳಿಗೆ ನೀರು ತಿರುಗಿಸಲು 1521ರಲ್ಲಿ ಕಟ್ಟಿದ ವಲ್ಲಭಾಪುರದ ಒಡ್ಡು ತುಂಗಭದ್ರಾ ಜಲಾಶಯದಲ್ಲಿ ಮುಳುಗಿತು. ಆದರೂ ಕಾಲುವೆಗಳನ್ನು ಬಿಡಲಿಲ್ಲ, ಅವಕ್ಕೆ ಹೊಸ ಅಣೆಕಟ್ಟಿನಿಂದಲೇ ನೀರು ಕೊಟ್ಟರು. ಸಾಮ್ರಾಜ್ಯ ಅಳಿದರೂ ಅದು ತೋಡಿದ ಕಾಲುವೆ ನಾಲ್ಕೂವರೆ ಶತಮಾನ ಹೆಚ್ಚಾಗಿ ಬಾಳಿತು. ಇದು ಹೇಗೆ?

ಕಲ್ಲಿನ ಕೆಲಸ ಗಟ್ಟಿಯಾಗಿತ್ತೆಂದು ಹೇಳಿದರೆ ಸಾಲದು. ಅರಮನೆಯ ಕಲ್ಲೂ ಗಟ್ಟಿಯಾದದ್ದೇ. ಕಾಲುವೆ ಎಂಬುದು ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ಮೂರು ಮಳೆಗಾಲ ಹೂಳು ತೆಗೆಯದೆ ಬಿಟ್ಟರೆ ಅದರಲ್ಲಿ ಜೊಂಡು ಬೆಳೆದು ಎಮ್ಮೆ ಮೇಯುತ್ತವೆ. ಹತ್ತು ವರ್ಷ ಬಿಟ್ಟರೆ ಅದು ಕಾಲುವೆಯಾಗಿತ್ತೆಂದು ಮುದುಕರು ಹೇಳಬೇಕಾಗುತ್ತದೆ. ನಾಲ್ಕೂವರೆ ಶತಮಾನ ಹರಿಯಿತೆಂದರೆ ಅಷ್ಟು ವರ್ಷವೂ ಯಾರೋ ಹೂಳು ಎತ್ತಿದ್ದಾರೆ, ಯಾರೋ ಏರಿಯ ಬಿಲ ಮುಚ್ಚಿದ್ದಾರೆ. ಮುಂದಿನ ಸರಕಾರಗಳೂ ರಿಪೇರಿ ಮಾಡಿಸಿದವು, ನಿಜ. ಆದರೆ ಹಂಪೆಯಲ್ಲಿ ರಾಯನಿಲ್ಲದ ದಿನಗಳಲ್ಲಿ, ಯಾರ ಆಳಿಕೆಯೆಂಬುದೇ ಸ್ಪಷ್ಟವಿಲ್ಲದ ವರ್ಷಗಳಲ್ಲಿ ಈ ಕೆಲಸ ಮಾಡಿದವರು ಕಾಲುವೆಯ ಕೆಳಗೆ ಗದ್ದೆಯಿದ್ದವರೇ ಆಗಿರಬೇಕೆಂದು ನನ್ನ ಅಭಿಪ್ರಾಯ. ಅವರಿಗೆ ರಾಯನ ಅಪ್ಪಣೆ ಬೇಕಾಗಿರಲಿಲ್ಲ, ನೆಲ್ಲು ಬೇಕಾಗಿತ್ತು. ಅರಮನೆಯನ್ನು ಕಾಯುವುದಕ್ಕೆ ಹೀಗೆ ಯಾರ ಹೊಟ್ಟೆಯೂ ಕೇಳಲಿಲ್ಲ.

ಹಳಬರು ಈ ಮರ್ಮವನ್ನು ಬಲ್ಲವರಾಗಿದ್ದರು. ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ, ದಸವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿಸಿದವನಿಗೋ ನೋಡಿಕೊಳ್ಳುವವನಿಗೋ ಆ ಕೆರೆಯ ಕೆಳಗೇ ಭೂಮಿ ಬಿಡುವುದು, ಇಲ್ಲವೆ ಬೆಳೆಯಲ್ಲಿ ಒಂದು ಪಾಲು ಕೊಡುವುದು ಇವುಗಳ ತಿರುಳು. ಕೆರೆ ತುಂಬಿದರೆ ಅವನ ಗದ್ದೆಯೂ ಹಸಿರು, ಏರಿ ಒಡೆದರೆ ಅವನ ಮನೆಯಲ್ಲಿಯೂ ಉಪವಾಸ. ಕಡಪೆ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ಬುಕ್ಕರಾಯನ ಮಗ ಭಾಸ್ಕರನು ಅಲ್ಲಿ ಕೆರೆ ಕಟ್ಟಿಸಿದಾಗ ಹಾಕಿಸಿದ್ದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸವೆಂದು ಲೆಕ್ಕ ಕೊಡುತ್ತದೆ. ತರಬೇತಿ ಶಾಲೆಯಲ್ಲಿ ನಮಗೆ ಪಾಠದ ಟಿಪ್ಪಣಿ ಬರೆಯುವುದನ್ನು ಕಲಿಸಿದವರು ಈ ಶಾಸನವನ್ನು ತೋರಿಸಿದ್ದರೆ ನಾವು ಇನ್ನೂ ಚೆನ್ನಾಗಿ ಬರೆಯುತ್ತಿದ್ದೆವೇನೋ.

ಹಾಗೆಂದು ಹಳೆಯದನ್ನೆಲ್ಲ ಹೊಗಳುವವನು ನಾನಲ್ಲ. ಗುದ್ದಲಿ ಹಿಡಿದು ಹೂಳೆತ್ತಿದ ಕೈಗಳೆಲ್ಲ ಗದ್ದೆಯ ಒಡೆಯರ ಕೈಗಳಾಗಿರಲಿಲ್ಲ. ನಮ್ಮ ನಿಜಾಮ ಸೀಮೆಯಲ್ಲಿ ವೆಟ್ಟಿಚಾಕರಿ ಎಂದರೇನೆಂಬುದನ್ನು ಹಿರಿಯರ ಬಾಯಿಂದ ಕೇಳಿದವರು ಇನ್ನೂ ಇದ್ದಾರೆ. ತೂಬು ಎತ್ತುವ ನೀರಡಿ, ಏರಿ ಕಾಯುವ ಊರಾಳು, ಇವರು ಬಹುತೇಕ ಕೇರಿಯ ಜನ. ರಾಶಿಯ ಕೊನೆಗೆ ಅವರಿಗೆ ಸಿಗುತ್ತಿದ್ದುದು ಮೊರದಲ್ಲಿ ಒಂದಿಷ್ಟು ಕಾಳು. ಪಕ್ಕದ ಮದರಾಸು ಸೀಮೆಯಲ್ಲಿ ಕುಡಿಮರಾಮತ್ತು ಎಂಬ ಊರ ರಿಪೇರಿಯ ಪದ್ಧತಿಯನ್ನು 1858ರಲ್ಲಿ ಸರಕಾರ ಕಾಯಿದೆ ಮಾಡಿಯೇ ಹೇರಬೇಕಾಯಿತು. ಊರು ತಾನಾಗಿ ಮಾಡುತ್ತಿದ್ದ ಕೆಲಸಕ್ಕೆ ಕಾಯಿದೆ ಬೇಕಾಯಿತೆಂದರೆ ಆ ಹೊತ್ತಿಗೇ ಅದು ನಿಂತುಹೋಗುತ್ತಿತ್ತೆಂದು ತಿಳಿಯಬೇಕು. ಮುಂದೆ ಕೇರಿಯ ಜನ ಬಿಟ್ಟಿ ದುಡಿಮೆ ಒಲ್ಲೆವೆಂದರು. ಒಲ್ಲೆವೆಂದದ್ದು ನ್ಯಾಯವೇ. ನ್ಯಾಯವಲ್ಲದ್ದು ಆಮೇಲೆ ನಡೆಯಿತು: ಅವರು ಕೆಳಗಿಟ್ಟ ಗುದ್ದಲಿಯನ್ನು ಗದ್ದೆಯಿದ್ದವರು ಎತ್ತಿಕೊಳ್ಳಲಿಲ್ಲ. ಸರಕಾರ ಎತ್ತಿಕೊಳ್ಳಲೆಂದು ಕಾದು ಕುಳಿತರು.

ಇನ್ನು ಉಪ್ಪಿನ ಮಾತು. ನೀರಾವರಿಯಿಂದಲೇ ಎದ್ದು ನೀರಾವರಿಯಿಂದಲೇ ಸೊರಗಿದ ನಾಡಿನ ಕಥೆಯೊಂದಿದೆ. ಇಂದಿನ ಇರಾಕದ ಟೈಗ್ರಿಸ್ ಯೂಫ್ರೆಟಿಸ್ ಹೊಳೆಗಳ ನಡುವೆ, ನಮ್ಮ ನಡಿಗಡ್ಡೆಯಂತೆಯೇ ಎರಡು ಹೊಳೆಗಳ ನಾಡಿನಲ್ಲಿ, ಸುಮೇರಿಯದ ಜನ ಐದು ಸಾವಿರ ವರ್ಷದ ಹಿಂದೆ ಕಾಲುವೆ ತೋಡಿ ಪಟ್ಟಣಗಳನ್ನು ಕಟ್ಟಿದರು. ಅವರ ಭಂಡಾರದ ಲೆಕ್ಕಗಳು ಜೇಡಿಮಣ್ಣಿನ ಹಲಗೆಗಳಲ್ಲಿ ಉಳಿದಿವೆ. ಯಾಕಬ್‌ಸನ್ ಮತ್ತು ಆಡಮ್ಸ್ ಎಂಬ ಇಬ್ಬರು ವಿದ್ವಾಂಸರು 1958ರಲ್ಲಿ ಆ ಲೆಕ್ಕಗಳನ್ನು ಓದಿ ಒಂದು ಲೇಖನ ಬರೆದರು. ಕ್ರಿ.ಪೂ. 2400ರ ಸುಮಾರಿಗೆ ಹೆಕ್ಟೇರಿಗೆ 2537 ಲೀಟರು ಇದ್ದ ಇಳುವರಿ ಕ್ರಿ.ಪೂ. 2100ರ ಹೊತ್ತಿಗೆ 1460ಕ್ಕೆ, ಕ್ರಿ.ಪೂ. 1700ರ ಸುಮಾರಿಗೆ 897ಕ್ಕೆ ಇಳಿಯಿತೆಂದು ಅವರ ಲೆಕ್ಕ. ಗೋಧಿಗೆ ಉಪ್ಪು ಸೇರದು, ಜವೆಗೋಧಿ ಒಂದಿಷ್ಟು ತಾಳುತ್ತದೆ. ಅಲ್ಲಿಯ ಒಕ್ಕಲಿಗರು ಮೊದಲು ಗೋಧಿ ಬಿಟ್ಟು ಜವೆಗೋಧಿಗೆ ಬಂದರು, ಕೊನೆಗೆ ಅದೂ ಸೊರಗಿತು. ಈ ಲೆಕ್ಕವನ್ನು ಮುಂದೆ ಬೇರೆ ವಿದ್ವಾಂಸರು ಪ್ರಶ್ನಿಸಿದ್ದಾರೆ, ಉಪ್ಪೊಂದೇ ಕಾರಣವಲ್ಲವೆಂದಿದ್ದಾರೆ. ಇರಬಹುದು. ಆದರೆ ಉಪ್ಪು ಹೇಗೆ ಏಳುತ್ತದೆಂಬುದಕ್ಕೆ ನಾವು ಇರಾಕಕ್ಕೆ ಹೋಗಬೇಕಾಗಿಲ್ಲ, ಸಿಂಧನೂರಿಗೆ ಹೋದರೆ ಸಾಕು.

ಹೊಳೆಯ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಉಪ್ಪಿರುತ್ತದೆ, ಎರೆ ಭೂಮಿಯ ಹೊಟ್ಟೆಯಲ್ಲಿಯೂ ಇರುತ್ತದೆ. ನೀರು ಬಿಟ್ಟಷ್ಟೂ ಅಂತರ್ಜಲ ಮೇಲೇರುತ್ತದೆ. ಬಸಿದು ಹೋಗಲು ದಾರಿಯಿಲ್ಲದಿದ್ದರೆ ಆ ನೀರು ಬೇರಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಬಿಸಿಲು ನೀರನ್ನು ಮೇಲಕ್ಕೆಳೆದು ಆರಿಸುತ್ತದೆ. ಉಪ್ಪು ಮಾತ್ರ ನೆಲದ ಮೇಲೆ ಬೆಳ್ಳಗೆ ಉಳಿಯುತ್ತದೆ. ಇದೇ ಸವಳು. ನೀರು ನಿಂತು ಕೊಳೆಯುವುದು ಜವಳು. ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ಯೋಜಿಸಿದವರು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿಯ ಬೆಳೆಗಳಿಗೆಂದೇ ಹೆಚ್ಚಿನ ನೀರಿನ ಲೆಕ್ಕ ಹಾಕಿದ್ದರು. ಕಾಲುವೆ ಬಂದ ಮೇಲೆ ಮೇಲ್ಭಾಗದವರು ಎರಡು ಬೆಳೆ ನೆಲ್ಲು ಹಚ್ಚಿದರು. ಅವರನ್ನು ಬಯ್ದು ಪ್ರಯೋಜನವಿಲ್ಲ. ನೆಲ್ಲಿಗೆ ಗಿರಣಿ ಇದೆ, ಬೆಲೆ ಇದೆ, ಜೋಳಕ್ಕೆ ಹಕ್ಕಿಯ ಕಾಟ ಇದೆ. ಫಲವೇನಾಯಿತೆಂದರೆ ಮೇಲಿನವರ ಭೂಮಿ ನೀರು ಹೆಚ್ಚಾಗಿ ಕೆಟ್ಟಿತು, ಕೊನೆಯವರ ಭೂಮಿ ನೀರಿಲ್ಲದೆ ಒಣಗಿತು. ಗಂಗಾವತಿ, ಸಿಂಧನೂರು, ಸಿರುಗುಪ್ಪೆಗಳ ಕಡೆ ಸವಳು ಜವಳು ಹಿಡಿದ ಭೂಮಿ ಲಕ್ಷ ಹೆಕ್ಟೇರಿಗೆ ಹತ್ತಿರವೆಂದು ಅಂದಾಜು. ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದ್ದು 1953ರಲ್ಲಿ. ಸುಮೇರಿಯದವರಿಗೆ ಏಳು ನೂರು ವರ್ಷ ಹಿಡಿದ ದಾರಿಯಲ್ಲಿ ನಾವು ಎಪ್ಪತ್ತು ವರ್ಷದಲ್ಲಿ ಎಷ್ಟು ದೂರ ನಡೆದಿದ್ದೇವೆಂಬುದನ್ನು ಓದುಗರೇ ಅಳೆಯಲಿ.

ಅಮೆರಿಕದ ಜೋಸೆಫ್ ಟೇಂಟರ್ ಎಂಬ ಮಾನವಶಾಸ್ತ್ರಜ್ಞರು 1988ರಲ್ಲಿ ಸಮಾಜಗಳ ಕುಸಿತದ ಮೇಲೆ ಒಂದು ಗ್ರಂಥ ಬರೆದರು. ಅವರ ವಾದವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಸಮಾಜಕ್ಕೆ ತೊಂದರೆ ಬಂದಾಗಲೆಲ್ಲ ಅದು ಹೊಸದೊಂದು ಏರ್ಪಾಡು ಮಾಡುತ್ತದೆ: ಹೊಸ ಕಚೇರಿ, ಹೊಸ ಕಟ್ಟಡ, ಹೊಸ ಯಂತ್ರ. ಮೊದಲ ಏರ್ಪಾಡುಗಳಿಂದ ಲಾಭ ಬಹಳ. ಆಮೇಲಾಮೇಲೆ ಖರ್ಚು ಏರುತ್ತದೆ, ಲಾಭ ಇಳಿಯುತ್ತದೆ. ಕೊನೆಗೆ ಇದ್ದ ಏರ್ಪಾಡುಗಳನ್ನು ಉಳಿಸಿಕೊಳ್ಳುವುದಕ್ಕೇ ಇದ್ದ ಶಕ್ತಿಯೆಲ್ಲ ಸವೆಯುತ್ತದೆ. ಅಂಥ ಹೊತ್ತಿನಲ್ಲಿ ಬರ ಬಂದರೂ ಸಾಕು, ದಂಡು ಬಂದರೂ ಸಾಕು, ಬೀಳಲು ಒಂದು ನೆಪ. ಕಾಂಬೋಡಿಯದ ಅಂಗಕೋರ್ ಪಟ್ಟಣಕ್ಕೆ ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿ ಹಾಗೆಯೇ ಆಯಿತೆನ್ನುತ್ತಾರೆ. ಮೊದಲು ದೀರ್ಘ ಬರ, ನಡುವೆ ಹುಚ್ಚು ಮಳೆ. ಆ ದೊಡ್ಡ ಕಾಲುವೆ ಕೆರೆಗಳ ಜಾಲ ಎರಡನ್ನೂ ತಾಳಲಾರದೆ ಒಡೆಯಿತು.

ಈ ವಾದವನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಆರ್‌ಡಿಎಸ್ ಕಾಲುವೆ. ಗಡಿಯಾಚೆಯ ಓದುಗರಿಗಾಗಿ ಅದರ ವೃತ್ತಾಂತವನ್ನು ಸ್ವಲ್ಪ ಹೇಳಬೇಕು. ಮಾನವಿ ತಾಲೂಕಿನ ರಾಜಲಬಂಡಾದ ಬಳಿ ತುಂಗಭದ್ರೆಗೆ ಒಡ್ಡು ಹಾಕಿ ಎಡಕ್ಕೆ ಕಾಲುವೆ ತಿರುಗಿಸಿದ್ದಾರೆ. ನಮ್ಮ ಕಡೆಯ ಜನ ಅದನ್ನು ರಾಜೋಳಿಬಂಡ ಎನ್ನುತ್ತಾರೆ. ನಿಜಾಮರ ಆಳಿಕೆಯ ಕೊನೆಗೆ ಆರಂಭವಾದ ಕೆಲಸ 1950ರ ದಶಕದಲ್ಲಿ ಒಂದು ರೂಪಕ್ಕೆ ಬಂತು. ಯೋಜನೆ ಮಾಡುವಾಗ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು. ಒಡ್ಡೂ ಅದೇ ಜಿಲ್ಲೆ, ಗದ್ದೆಯೂ ಅದೇ ಜಿಲ್ಲೆ, ಜಿಲ್ಲಾಧಿಕಾರಿ ಒಬ್ಬನೇ. 1956ರ ನವೆಂಬರ್ 1ರಂದು ರಾಜ್ಯಗಳನ್ನು ಮರುವಿಂಗಡಿಸಿದಾಗ ರಾಯಚೂರು ಮೈಸೂರಿಗೆ ಹೋಯಿತು, ನಮ್ಮ ಎರಡು ತಾಲೂಕುಗಳು ಆಂಧ್ರದ ಮಹಬೂಬನಗರಕ್ಕೆ ಸೇರಿದವು. ಕಾಲುವೆಯ ತಲೆ ಒಂದು ರಾಜ್ಯದಲ್ಲಿ, ಬಾಲ ಇನ್ನೊಂದರಲ್ಲಿ. ಸುಮಾರು 143 ಕಿಲೋಮೀಟರು ಉದ್ದದ ಕಾಲುವೆಯಲ್ಲಿ ಮೊದಲ 42 ಕಿಲೋಮೀಟರು ಕರ್ನಾಟಕದಲ್ಲಿದೆ. ಅಲ್ಲಿ ಅದರ ಅಚ್ಚುಕಟ್ಟು 5,879 ಎಕರೆ. ಇಲ್ಲಿ 87,500 ಎಕರೆ. ನೀರಿನ ಪಾಲು ಅಲ್ಲಿಗೆ 1.2 ಟಿಎಂಸಿ, ಇಲ್ಲಿಗೆ 15.9 ಟಿಎಂಸಿ. ಹೂಳು ಕೂಡುವ ಜಾಗ ಒಬ್ಬರದು, ಹೂಳಿನಿಂದ ನೀರು ಕಳೆದುಕೊಳ್ಳುವವರು ಮತ್ತೊಬ್ಬರು. ತಲೆಯ ಕಡೆಯ ರೈತನಿಗೆ ಹೂಳು ಎತ್ತಿದರೂ ಅಷ್ಟೆ, ಎತ್ತದಿದ್ದರೂ ಅಷ್ಟೆ. ಬಾಲದ ಕಡೆಯ ರೈತನಿಗೆ ಎತ್ತಬೇಕೆಂದರೂ ಅಧಿಕಾರವಿಲ್ಲ. ಹಂಪೆಯ ತುರ್ತಾ ಕಾಲುವೆಗೆ ಇದ್ದ ಭಾಗ್ಯ ನಮ್ಮ ಕಾಲುವೆಗೆ ಹುಟ್ಟಿದ ಕೆಲವೇ ದಿನಗಳಲ್ಲಿ ತಪ್ಪಿಹೋಯಿತು.

ಮುಂದಿನದು ಎಲ್ಲರಿಗೂ ಗೊತ್ತು. ಕೊನೆಯ ಹಂಚು ಕಾಲುವೆಗಳಿಗೆ ನೀರು ಮುಟ್ಟದು, ಮನವಿಗಳು, ಧರಣಿಗಳು, ಒಡ್ಡಿನ ಎತ್ತರದ ಜಗಳ, ಎರಡೂ ದಡಗಳ ಪಕ್ಷಗಳ ಭಾಷಣ. 2014ರ ಮೇಲೆ ಬಾಲ ತೆಲಂಗಾಣದ್ದಾಯಿತು; ಜಗಳಕ್ಕೆ ಹೊಸ ಹೆಸರುಗಳು ಬಂದವು. ಕೊನೆಗೆ ಪರಿಹಾರವಾಗಿ ಬಂದದ್ದು ರಾಜೋಳಿ ಬಳಿಯ ತುಮ್ಮಿಳ್ಳದ ಏತ ನೀರಾವರಿ. ಹೊಳೆಯಿಂದ ಪಂಪು ಹಾಕಿ ನೀರೆತ್ತಿ ಅದೇ ಆರ್‌ಡಿಎಸ್ ಕಾಲುವೆಯ ಕೊನೆಯ ಭಾಗಕ್ಕೆ ಬಿಡುವುದು. ನೀರು ಬಂದ ಊರುಗಳಿಗೆ ಅನುಕೂಲವಾಗಿದೆ, ಅದನ್ನು ತೆಗಳುವ ಧೈರ್ಯ ನನಗಿಲ್ಲ. ಆದರೂ ಒಂದು ಕ್ಷಣ ಯೋಚಿಸಬೇಕು. ತಾನಾಗಿ ಇಳಿದು ಬರಬೇಕಾದ ನೀರನ್ನು ಕರೆಂಟು ಸುಟ್ಟು ಮೇಲೆತ್ತುತ್ತಿದ್ದೇವೆ. ಹೂಳಿಗೆ ಬೇಕಾಗಿದ್ದುದು ಗುದ್ದಲಿ ಮತ್ತು ಎರಡು ಸರಕಾರಗಳ ಒಂದು ಕಾಗದ. ಅದು ಆಗಲಾರದೆಂದು ಮೋಟಾರು, ತಂತಿ, ಕಂಟ್ರಾಕ್ಟು ಬಂದವು. ಇನ್ನು ಆ ಮೋಟಾರನ್ನೂ ಯಾರಾದರೂ ನೋಡಿಕೊಳ್ಳಬೇಕು. ಟೇಂಟರ್ ಅವರ ಗ್ರಂಥಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕೀತೆ?

ದೊಡ್ಡ ಅಣೆಕಟ್ಟಿನದೂ ಇದೇ ಪಾಡು. ಆರಂಭದಲ್ಲಿ ತುಂಗಭದ್ರಾ ಜಲಾಶಯ ಹಿಡಿಯುತ್ತಿದ್ದುದು 133 ಟಿಎಂಸಿ ಎಂದು ಲೆಕ್ಕ. ಈಚಿನ ಅಳತೆಯಲ್ಲಿ ಅದು ಸುಮಾರು 105.79 ಟಿಎಂಸಿಗೆ ಇಳಿದಿದೆ. ಉಳಿದದ್ದು ಹೂಳಿನ ಪಾಲು. ಆ ನಷ್ಟಕ್ಕಾಗಿ ನವಲಿಯ ಬಳಿ ಮತ್ತೊಂದು ಜಲಾಶಯ ಕಟ್ಟುವ ಪ್ರಸ್ತಾಪ ಬಂತು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ. ಒಂದು ವಾರ ಹಗಲು ರಾತ್ರಿ ದುಡಿದು ತಾತ್ಕಾಲಿಕ ಗೇಟು ಕೂಡಿಸಿದ ಕೆಲಸಗಾರರನ್ನೂ ತಜ್ಞರನ್ನೂ ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಅಷ್ಟರಲ್ಲಿ ಎಷ್ಟೋ ನೀರು ಹರಿದುಹೋಗಿತ್ತು. 2025ರ ಮುಂಗಾರಿನಲ್ಲಿ ಗೇಟುಗಳ ಭಯಕ್ಕೆ ಜಲಾಶಯದಲ್ಲಿ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸಲಿಲ್ಲ. ಮೂರು ರಾಜ್ಯಗಳ ಲಕ್ಷಾಂತರ ಎಕರೆಯ ಬೆಳೆ ಒಂದು ಸರಪಳಿಯ ಕೊಂಡಿಯಿಂದ ನೇತಾಡುತ್ತಿತ್ತೆಂಬುದು ಅಂದಿನವರೆಗೆ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಎತ್ತಿನ ಮೂಗುದಾರ ಸವೆದರೆ ನಮಗೆ ಅಂದೇ ತಿಳಿಯುತ್ತದೆ, ಏಕೆಂದರೆ ಅದನ್ನು ದಿನವೂ ಹಿಡಿಯುವ ಕೈ ನಮ್ಮದು.

ನನ್ನ ಮಾತು ಇಷ್ಟೆ. ವೈರಿಯ ಏಟಿನಿಂದ ರಾಜ್ಯಗಳು ಬೀಳುತ್ತವೆ. ಸಮಾಜ ಸೊರಗುವುದು ನೀರು ತೆಗೆದುಕೊಳ್ಳುವವನೂ ಹೂಳು ಎತ್ತುವವನೂ ಬೇರೆ ಬೇರೆಯಾದಾಗ. ದೂರದ ಯಂತ್ರ, ದೂರದ ಕಚೇರಿ, ದೂರದ ಕಂಪನಿಯ ಬೀಜ, ಇವುಗಳಿಂದ ನಮಗೆ ಉಪಕಾರವಾಗಿದೆ. ಅವು ಸವೆಯುವ ಸದ್ದು ಮಾತ್ರ ನಮ್ಮ ಕಿವಿಗೆ ಬೀಳುವುದಿಲ್ಲ. ಹಾಗಾದರೆ ಹಳೆಯ ಕಾಲಕ್ಕೆ ಹಿಂತಿರುಗಬೇಕೆ ಎಂದು ಕೇಳುವವರಿದ್ದಾರೆ. ಬೇಡ. ವೆಟ್ಟಿಯೂ ಬೇಡ, ಜಾತಿಯ ಗುದ್ದಲಿಯೂ ಬೇಡ. ಇದೆಲ್ಲ ಸರಕಾರದ ಕೆಲಸವಲ್ಲವೆ ಎಂದೂ ಕೇಳುತ್ತಾರೆ. ಅಣೆಕಟ್ಟಿನ ಗೇಟು, ಒಡ್ಡು, ಮುಖ್ಯ ಕಾಲುವೆ ಖಂಡಿತ ಸರಕಾರದ ಕೆಲಸ. ಅದರ ಲೆಕ್ಕವನ್ನು ಕೇಳುವುದು ನಮ್ಮ ಕೆಲಸ. ಹೊಲಗಾಲುವೆಯ ಜಾಲಿ ಕಡಿಯಲು ಹೈದರಾಬಾದಿನಿಂದ ಯಾರೂ ಬರಲಾರರು.

ಕಾನೂನಿನ ಕೊರತೆಯೂ ಇಲ್ಲ. 1997ರಲ್ಲಿಯೇ ಅಂದಿನ ಆಂಧ್ರಪ್ರದೇಶದಲ್ಲಿ ನೀರಾವರಿಯನ್ನು ರೈತರ ಸಂಘಗಳಿಗೆ ಒಪ್ಪಿಸುವ ಕಾಯಿದೆ ಬಂತು; ಕಾಲುವೆಯ ಕೆಳಗೆ ಜಮೀನಿದ್ದ ಪ್ರತಿಯೊಬ್ಬನೂ ಸಂಘದ ಸದಸ್ಯ. ಕರ್ನಾಟಕದಲ್ಲಿಯೂ ನೀರು ಬಳಕೆದಾರರ ಸಹಕಾರ ಸಂಘಗಳಿವೆ. 2015ರಲ್ಲಿ ತೆಲಂಗಾಣ ಸರಕಾರ ಮಿಷನ್ ಕಾಕತೀಯ ಎಂದು 46 ಸಾವಿರಕ್ಕೂ ಹೆಚ್ಚು ಕೆರೆಗಳ ಹೂಳೆತ್ತುವ ಸಂಕಲ್ಪ ಮಾಡಿತು. ರೈತರು ಕೆರೆಯ ಗೋಡನ್ನು ಟ್ರಾಕ್ಟರಿನಲ್ಲಿ ಹೊಲಕ್ಕೆ ಹೊಡೆದರು, ಮಸಾರಿ ಭೂಮಿಗೆ ಅದು ಚಿನ್ನದಂಥ ಮಣ್ಣು. ಒಮ್ಮೆ ಎತ್ತಿದ್ದು ಒಳ್ಳೆಯದಾಯಿತು. ಎರಡನೆಯ ಸಲ ಎತ್ತುವವರು ಯಾರೆಂದು ಅಂದೇ ಗೊತ್ತುಮಾಡಬೇಕಾಗಿತ್ತು.

ನಾನು ಸೂಚಿಸುವುದು ದೊಡ್ಡದೇನಲ್ಲ. ನೀರು ಬಿಡುವ ಮುನ್ನ ಪ್ರತಿ ಹಂಚು ಕಾಲುವೆಯ ಕೆಳಗಿನವರು ಕೂಡಿ, ಎಕರೆಗಿಷ್ಟು ದಿನದ ದುಡಿಮೆಯೆಂದೋ ಅದರ ಕೂಲಿಯೆಂದೋ ಗೊತ್ತುಮಾಡಬೇಕು. ಹತ್ತು ಎಕರೆಯವನಿಂದ ಹತ್ತರ ಪಾಲು, ಒಂದು ಎಕರೆಯವನಿಂದ ಒಂದರ ಪಾಲು, ಜಮೀನಿಲ್ಲದವನು ಬಂದರೆ ಸರಿಯಾದ ಕೂಲಿ. ಸರದಿ ಕೊನೆಯ ಹೊಲದಿಂದ ಆರಂಭವಾಗಿ ತಲೆಗೆ ಬರಬೇಕು. ಹೀಗಾದರೆ ತಲೆಯ ಕಡೆಯವನಿಗೂ ಕಾಲುವೆ ಕಟ್ಟಿಕೊಂಡಿದೆಯೆಂಬ ಚಿಂತೆ ಹತ್ತುತ್ತದೆ. ಬಸಿಗಾಲುವೆಗಳನ್ನು ಹೊಲಕ್ಕೆ ಸೇರಿಸಿಕೊಂಡವರು ಬಿಡಬೇಕು. ಇದು ಕಹಿಯಾದ ಮಾತೆಂದು ಬಲ್ಲೆ, ಆದರೆ ಸವಳಿಗೆ ಬೇರೆ ಮದ್ದಿಲ್ಲ. ಜಿಪ್ಸಂ ಹಾಕುವುದು ಮಣ್ಣು ಪರೀಕ್ಷೆ ಮಾಡಿಸಿದ ಮೇಲೆ, ಕರಲು ಭೂಮಿಗೆ ಮಾತ್ರ, ಅದೂ ನೀರು ಬಸಿದು ಹೋಗುವ ದಾರಿಯಿದ್ದರೆ. ಗಂಗಾವತಿಯ ಕೃಷಿ ಸಂಶೋಧನ ಕೇಂದ್ರದವರು ಈ ಕೆಲಸದಲ್ಲಿ ನುರಿತವರು, ಹೋಗಿ ಕೇಳಬಹುದು. ಎರಡು ವರ್ಷಕ್ಕೊಮ್ಮೆಯಾದರೂ ನೆಲ್ಲಿನ ಗದ್ದೆಯಲ್ಲಿ ಡಯಂಚ ಬಿತ್ತಿ ಹೂ ಬಿಡುವ ಮುನ್ನ ಮಗುಚಬೇಕು.

ಎರಡು ರಾಜ್ಯಗಳ ವಿಷಯಕ್ಕೆ ಬಂದರೆ, ಮಂತ್ರಿಗಳು ಕೂಡುವವರೆಗೆ ನಾವು ಕಾಯಬೇಕಾಗಿಲ್ಲ. ಮಾನವಿಯ ಕಡೆಯ ರೈತನೂ ಐಜ, ಇಟಿಕ್ಯಾಲಗಳ ಕಡೆಯ ರೈತನೂ ಬೀಗರು. ಅತ್ತಣ ಹೆಣ್ಣು ಇತ್ತ, ಇತ್ತಣ ಹೆಣ್ಣು ಅತ್ತ. ಮದುವೆಯ ಮಾತಿಗೆ ಗಡಿ ಅಡ್ಡ ಬರುವುದಿಲ್ಲ, ಹೂಳಿನ ಮಾತಿಗೆ ಏಕೆ ಬರಬೇಕು? ಎರಡೂ ಕಡೆಯ ನೀರು ಸಂಘಗಳವರು ವರ್ಷಕ್ಕೆರಡು ಸಲ, ಒಮ್ಮೆ ಒಡ್ಡಿನ ಬಳಿ, ಒಮ್ಮೆ ಕಾಲುವೆಯ ಕೊನೆಯಲ್ಲಿ ಸೇರಲಿ. ಒಡ್ಡಿನ ಹತ್ತಿರ ಎಷ್ಟು ನೀರು ಬಿಟ್ಟರು, ಗಡಿ ದಾಟುವಲ್ಲಿ ಎಷ್ಟು ಉಳಿಯಿತು, ಕೊನೆಗೆ ಎಷ್ಟು ಮುಟ್ಟಿತು ಎಂಬ ಮೂರು ಅಂಕಿಗಳನ್ನು ಊರೂರ ಪಂಚಾಯತಿಯ ಹಲಗೆಯ ಮೇಲೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ದಿನವೂ ಬರೆಯಲಿ. ಜಗಳವಾದರೂ ಅಂಕಿಯ ಮೇಲೆ ಆಗಲಿ. ಮೇಲಿನ ತರಗತಿಯ ಮಕ್ಕಳು ಗೇಜು ಓದುವುದನ್ನು ಒಂದು ವಾರದಲ್ಲಿ ಕಲಿಯುತ್ತಾರೆ. ದಶಾಂಶದ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ಅದಕ್ಕೆ ಮೊದಲು ಹಂಚು ಕಾಲುವೆಗಳ ಗೇಜು ಕಲ್ಲುಗಳ ಅಂಕಿ ಅಳಿಸಿಹೋಗಿವೆಯೆ ಎಂದು ನೋಡಬೇಕು. ಬರುವ ಬೇಸಿಗೆಯ ರಜೆಯಲ್ಲಿ ಮಾಡತಕ್ಕ ಮೊದಲ ಕೆಲಸ ಜಾಲಿ ಕಡಿದು ಆ ಕಲ್ಲುಗಳನ್ನು ಹುಡುಕಿ, ತೊಳೆದು, ಅಂಕಿಗೆ ಬಣ್ಣ ತುಂಬುವುದು. ಒಂದು ಡಬ್ಬಿ ಬಣ್ಣ, ಎರಡು ಕುಂಚ ಇದ್ದರೆ ಒಂದು ಊರಿಗೆ ಸಾಕು.